ನಳಿಗೆಯೊಳಗಿನ ಕೀಲೆಣ್ಣೆ

ವೆಂಕಟಗಿರಿಯವರು ಬಂದೂಕಿನ ನಳಿಗೆಯನ್ನು ಆಕಾಶಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಅದರ ಹಿಂಬದಿಗೆ ತಂದು ನೋಡಿದರು. ಹೆಣ್ಣು ನೋಡಲು ಬಂದವರು ಕೂಡ ಅಷ್ಟು ಹೊತ್ತು ನೋಡುವುದಿಲ್ಲ. ಕೊನೆಗೆ ಕನ್ನಡಕ ಹಾಕಿಕೊಂಡು, "ಬ್ಯಾರಲ್ ಸತ್ತಿದೆ ಕಣಮ್ಮಾ," ಎಂದರು.

ಜಲಜಾಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕೆಂಗೇರಿ ದಾಟಿ ಮೈಸೂರು ರಸ್ತೆಯ ಪಕ್ಕದ ಹಳೇ ಕಲ್ಲುಕ್ವಾರಿಯಲ್ಲಿ ಅವರ ರೈಫಲ್ ಕ್ಲಬ್ಬಿನ ಮೈದಾನವಿತ್ತು. ಅಂದು ಬೆಳಗಿನಿಂದ ಅವಳು ಹೊಡೆದ ಗುಂಡುಗಳು ಎಲ್ಲೆಂದರಲ್ಲಿ ಹೋಗುತ್ತಿದ್ದವು. ಒಂದು ಕಪ್ಪು ವೃತ್ತದ ನಡುವಿಗೇ ಹೋದರೆ ಮುಂದಿನದು ಕಾರ್ಡಿನ ಅಂಚಿಗೆ. ಕೈ ನಡುಗಿರಲಿಲ್ಲ, ಉಸಿರು ತಪ್ಪಿರಲಿಲ್ಲ, ಬೆರಳಿನಿಂದ ಬಂದೂಕಿನ ಕುದುರೆ ಎಳೆದದ್ದು ಹೂವು ಬಿಡಿಸಿದಷ್ಟು ಮೆತ್ತಗೆ. ಆದರೂ ಹಿಂದೆ ಕೂತಿದ್ದ ಗಂಡಸರಲ್ಲಿ ಒಬ್ಬ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಗೊಣಗಿದ್ದು ಅವಳ ಕಿವಿಗೆ ಬಿದ್ದಿತ್ತು.

"ಸತ್ತಿದೆ ಅಂದ್ರೆ ಏನ್ ಸಾರ್? ಸವೆದಿದೆಯಾ?"

"ಒಳಗಡೆ ಗೀರುಗಳೇ ಕಾಣ್ತಿಲ್ವಲ್ಲಮ್ಮ. ಬರೀ ಕಪ್ಪು. ಗೀರು ಇಲ್ದೇ ಇದ್ರೆ ಗುಂಡು ತಿರುಗಲ್ಲ, ತಿರುಗದೇ ಇದ್ರೆ ನೇರ ಹೋಗಲ್ಲ." ವೆಂಕಟಗಿರಿಯವರು ಕೆಟ್ಟವರಲ್ಲ. ಕಾರ್ಖಾನೆಯೊಂದರಲ್ಲಿ ಇಂಜಿನಿಯರಾಗಿದ್ದು ರಿಟೈರಾದವರು, ಈಗ ಕ್ಲಬ್ಬಿನ ಕಾರ್ಯದರ್ಶಿ. ಆದರೆ ಒಮ್ಮೆ ತೀರ್ಪು ಕೊಟ್ಟರೆ ಅದಕ್ಕೆ ಮೇಲ್ಮನವಿ ಇರುತ್ತಿರಲಿಲ್ಲ. "ಮುಂದಿನ ಭಾನುವಾರ ಸೆಲೆಕ್ಷನ್ನಿಗೆ ಕ್ಲಬ್ ರೈಫಲ್ ತಗೋ. ಗಂಡಸರದ್ದು ಮುಗಿದ ಮೇಲೆ ಕೊಡಿಸ್ತೀನಿ."

ಕ್ಲಬ್ ರೈಫಲ್ಲಿನ ಹಣೆಬರಹ ಜಲಜಾಳಿಗೆ ಗೊತ್ತಿತ್ತು. ಅದರ ಹಿಡಿ ಆರಡಿ ಆಳಿಗೆ ಅಳತೆ ಮಾಡಿದ್ದು; ಭುಜಕ್ಕೆ ಇಟ್ಟರೆ ಕೆನ್ನೆ ಎಲ್ಲೋ, ಗುರಿ ನೋಡುವ ಕಿಂಡಿ ಎಲ್ಲೋ. ಗಂಡಸರು ಮುಗಿಸುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದು ಗುರಿಹಲಗೆ ಅಲುಗಾಡಿದಂತೆ ಕಾಣುತ್ತಿತ್ತು. ರಾಜ್ಯದ ಮಹಿಳಾ ತಂಡಕ್ಕೆ ಆಯ್ಕೆ ಅದೇ ಭಾನುವಾರ. ಹೋದ ವರ್ಷ ಹೀಗೆ ಕ್ಲಬ್ ರೈಫಲ್ ಹಿಡಿದೇ ಅವಳು ಕೂದಲೆಳೆಯಲ್ಲಿ ಜಾಗ ಕಳೆದುಕೊಂಡಿದ್ದಳು. ಈ ವರ್ಷ ಮತ್ತೆ ಕಳೆದುಕೊಳ್ಳುವುದಕ್ಕೆ ಅವಳು ತಯಾರಿರಲಿಲ್ಲ. ಹೊಸ ನಳಿಗೆ ತರಿಸೋಣವೆಂದರೆ ಅದು ಸೀಮೆಯ ಮಾಲು; ಆಮದು ಪರವಾನಗಿ ಸಿಗುವಷ್ಟರಲ್ಲಿ ಅವಳಿಗೆ ಮೊಮ್ಮಕ್ಕಳಾಗಿರುತ್ತಿದ್ದರು.

ದೂರದ ಹುಣಸೆಮರದ ಕೆಳಗೆ ಲ್ಯಾಂಬ್ರೆಟಾ ಸ್ಕೂಟರಿಗೆ ಒರಗಿ ನಿಂತಿದ್ದ ಅಂಜಿನಯ್ಯ ಮಗಳ ಮುಖ ನೋಡಿಯೇ ಏನೋ ಕೆಟ್ಟಿದೆಯೆಂದು ತಿಳಿದುಕೊಂಡ. ಮಾರೇನಹಳ್ಳಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಅವನು ಮಾತು ಕಡಿಮೆಯ ಆಸಾಮಿ. ಗಿರಣಿಯ ಸದ್ದಿನಲ್ಲಿ ಮಾತಾಡಿ ಪ್ರಯೋಜನವಿಲ್ಲವೆಂದು ಎಂದೋ ತೀರ್ಮಾನಿಸಿಬಿಟ್ಟಿದ್ದ. ಬಂದೂಕಿನ ಲೈಸೆನ್ಸ್ ಅವನ ಹೆಸರಿನಲ್ಲಿದ್ದುದರಿಂದ ಮಗಳು ಎಲ್ಲಿ ಗುಂಡು ಹೊಡೆದರೂ ಅವನು ಜೊತೆಗೆ ಬರಲೇಬೇಕಿತ್ತು. ಬರುತ್ತಿದ್ದ, ಮರದ ಕೆಳಗೆ ನಿಲ್ಲುತ್ತಿದ್ದ, ಮುಗಿದ ಮೇಲೆ ಬಂದೂಕನ್ನು ಕ್ಯಾನ್ವಾಸ್ ಚೀಲಕ್ಕೆ ಹಾಕಿ ಹೆಗಲಿಗೇರಿಸಿ ಹೊರಡುತ್ತಿದ್ದ. ರೈಲ್ವೆಯ ಆಂಗ್ಲೋ ಇಂಡಿಯನ್ ಡ್ರೈವರೊಬ್ಬ ಊರು ಬಿಟ್ಟು ಹೋಗುವಾಗ ಅವನಿಗೆ ಮಾರಿದ ಬಂದೂಕು ಅದು. ಜಲಜಾ ಹುಟ್ಟಿದ ವರ್ಷವೇ ಮನೆಗೆ ಬಂದದ್ದರಿಂದ, ಇಬ್ಬರೂ ಒಂದೇ ತೊಟ್ಟಿಲಲ್ಲಿ ಬೆಳೆದರು ಎಂದು ಅವಳಜ್ಜಿ ಹಾಸ್ಯ ಮಾಡುವುದಿತ್ತು.

"ಸತ್ತಿದೆಯಂತೆ," ಎಂದಳು ಜಲಜಾ.

"ಯಾರು?"

"ನಮ್ ಬಂದೂಕು."

ಅಂಜಿನಯ್ಯ ಸ್ಕೂಟರಿನ ಕಿಕ್ಕರನ್ನು ಅಗತ್ಯಕ್ಕಿಂತ ಜೋರಾಗಿ ತುಳಿದ. "ಅದನ್ನ ಹಂಗೆ ನೋಡ್ಕೊಂಡಿದೀನಿ ನಾನು. ಹೆಂಗೆ ಸಾಯ್ತದೆ?" ಎಂದ.

ಸತ್ತದ್ದನ್ನು ಹೂಳುವ ಮೊದಲು ಒಮ್ಮೆ ಅಲುಗಾಡಿಸಿ ನೋಡಬೇಕೆಂಬುದು ಜಲಜಾಳ ಜಾಯಮಾನ. ಬಸವೇಶ್ವರನಗರದ ಡಾಕ್ಟರ್ ಶ್ಯಾಮಸುಂದರರ ಕ್ಲಿನಿಕ್ಕಿನಲ್ಲಿ ಅವಳಿಗೆ ಕೆಲಸ. ಔಷಧಿ ಕಟ್ಟಿಕೊಡುವುದು, ಗಾಯ ಕಟ್ಟುವುದು, ಸಿರಿಂಜು ಸೂಜಿಗಳನ್ನು ಬೇಯಿಸಿಡುವುದು. ಸೋಮವಾರ ಸಂಜೆ ಕ್ಲಿನಿಕ್ಕಿನಿಂದ ಬಂದವಳೇ ಸೀರೆಯ ಸೆರಗು ಸಿಕ್ಕಿಸಿ, ಹಿತ್ತಲಲ್ಲಿ ಚಾಪೆ ಹಾಸಿ ಕೂತಳು. ಹಿತ್ತಾಳೆ ತಂತಿಯ ಬ್ರಷ್ಷು ಹಾಕಿ ನಳಿಗೆಯನ್ನು ತಿಕ್ಕಿದಳು. ಸೀಮೆಎಣ್ಣೆ ಹೊಯ್ದು ತಿಕ್ಕಿದಳು. ಟರ್ಪೆಂಟೈನ್ ಹೊಯ್ದು ತಿಕ್ಕಿದಳು. ಚಿಂದಿಬಟ್ಟೆ ಸುತ್ತಿ ಎಳೆದಾಗೆಲ್ಲ ಅದು ಕಪ್ಪಗೆ ಹೊರಬರುತ್ತಿತ್ತು, ಇನ್ನೊಂದು ಚಿಂದಿ ಹಾಕಿದರೆ ಅದೂ ಕಪ್ಪು. ಇಷ್ಟು ಮಸಿ ಹೋಗುತ್ತಿದೆಯಲ್ಲ, ಒಳಗೆ ಬೆಳಕಾಗಿರಬೇಕು ಎಂದು ಹಿಡಿದು ನೋಡಿದರೆ ಅದೇ ಕತ್ತಲು. ಮರುದಿನವೂ ಅಷ್ಟೇ. ಅಂಗೈಯಲ್ಲಿ ಬೊಬ್ಬೆ ಬಂದದ್ದೇ ಲಾಭ.

ಮಗಳ ಒದ್ದಾಟ ನೋಡಲಾರದೆ ಅಂಜಿನಯ್ಯ ಗಿರಣಿಯಿಂದ ಬಂದು, ಮೈಮೇಲಿನ ರಾಗಿಹಿಟ್ಟು ಕೊಡವಿಕೊಳ್ಳುತ್ತ ಪಕ್ಕದಲ್ಲಿ ಕೂತ. ಕೈಯಲ್ಲಿ ಹರಳೆಣ್ಣೆಯ ಸೀಸೆ. "ಒಣಗಿದೆ ಕಣವ್ವ ಅದು. ಒಸಿ ಎಣ್ಣೆ ಕುಡಿಸು. ಕಬ್ಬಿಣ ಎಣ್ಣೆ ಕುಡಿದ್ರೆ ಮೆತ್ತಗಾಯ್ತದೆ," ಎಂದು ತಾನೇ ಎಣ್ಣೆ ಹೊಯ್ದು, ನಳಿಗೆಯನ್ನು ಕೂಸಿಗೆ ಎಣ್ಣೆ ತಿಕ್ಕುವಂತೆ ತಿಕ್ಕಿದ. ಅವನ ಪ್ರೀತಿಗೆ ಇದ್ದದ್ದು ಅದೊಂದೇ ಭಾಷೆ. ಮಗಳು ಚಿಕ್ಕವಳಿದ್ದಾಗ ಭಾನುವಾರ ನೆತ್ತಿಗೆ ಹರಳೆಣ್ಣೆ, ಗಿರಣಿಯ ಬೆಲ್ಟಿಗೆ ಹರಳೆಣ್ಣೆ, ಬಾಗಿಲು ಕಿರ್ ಎಂದರೆ ಹರಳೆಣ್ಣೆ. ಬಂದೂಕಿಗಂತೂ ಹೊಡೆದ ದಿನವೆಲ್ಲ ಒಂದು ಅಭ್ಯಂಜನ, ಆಯುಧಪೂಜೆಗೆ ಎರಡು.

ಬುಧವಾರ ಸಂಜೆ ಜಲಜಾ ಮತ್ತೆ ಚಾಪೆಯ ಮೇಲಿದ್ದಾಗ ಅಜ್ಜಿ ಮುನಿತಾಯಮ್ಮ ಹಿತ್ತಲಿಗೆ ಬಂದಳು. ಅಂಜಿನಯ್ಯನ ತಾಯಿ. ವಿಜಯನಗರದ ಬಡಾವಣೆ ಎದ್ದ ಜಾಗದಲ್ಲಿ ರಾಗಿ ಬೆಳೆದ ಹೆಂಗಸು. ಕಣ್ಣು ಮಂಜಾಗಿತ್ತು, ಮೂಗು ಮತ್ತು ನಾಲಿಗೆ ಮಾತ್ರ ಹರೆಯದಲ್ಲೇ ಉಳಿದಿದ್ದವು. ನೆಲದ ಮೇಲೆ ರಾಶಿ ಬಿದ್ದಿದ್ದ ಚಿಂದಿಗಳಲ್ಲಿ ಒಂದನ್ನು ಎತ್ತಿ ಮೂಸಿದಳು.

"ಯಾರ್ ಗಾಡಿಗೆ ಕೀಲೆಣ್ಣೆ ಹಾಕ್ತಿದ್ದೀಯೇ?"

"ಗಾಡಿ ಎಲ್ಲಿಂದ ಬಂತಜ್ಜಿ? ಇದು ಬಂದೂಕಿನ ಮಸಿ."

"ನಂಗೇ ಹೇಳ್ಕೊಡ್ತೀಯಾ? ಹುಲ್ಲು ಸುಟ್ಟ ಮಸಿಗೆ ಹರಳೆಣ್ಣೆ ಕಲಸಿ, ಕೀಲೆಣ್ಣೆ ಮಾಡಿ ಮಾಡಿ ನನ್ ಕೈಯೆಲ್ಲಾ ಸವೆದೋಗಿದೆ. ಮೂರು ಗಾಡಿ ಇದ್ವು ನಮ್ಮನೇಲಿ. ಇದು ಅದೇ ವಾಸ್ನೆ. ಸೀರೆಗೆ ತಾಕಿದ್ರೆ ಸೀರೆ ಹರಿದ್ರೂ ಕಲೆ ಹೋಗ್ತಿರ್ಲಿಲ್ಲ, ಹಾಳಾದ್ದು!"

ಅಜ್ಜಿ ಬೈದುಕೊಂಡೇ ಒಳಗೆ ಹೋದಳು. ಜಲಜಾ ಮಾತ್ರ ಚಿಂದಿ ಹಿಡಿದುಕೊಂಡು ಹಾಗೇ ಕೂತಳು. ಎತ್ತಿನ ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆ ಎಂದರೆ ಮಸಿ ಮತ್ತು ಹರಳೆಣ್ಣೆ. ನಳಿಗೆಯೊಳಗೆ ಪ್ರತಿ ಗುಂಡಿಗೂ ಮಸಿ ಕೂರುತ್ತದೆ. ಆ ಮಸಿ ತೆಗೆಯುವ ಮೊದಲೇ ಅಪ್ಪ ಅದರ ಮೇಲೆ ಹರಳೆಣ್ಣೆ ಹೊಯ್ಯುತ್ತಾನೆ. ಮುಂದಿನ ಸಲ ಗುಂಡು ಹೊಡೆದಾಗ ಆ ಬೆಂಕಿಗೆ ಎಣ್ಣೆ ಬೇಯುತ್ತದೆ, ಅದರ ಮೇಲೆ ಮತ್ತೆ ಮಸಿ, ಮತ್ತೆ ಎಣ್ಣೆ. ದೋಸೆಯ ಕಾವಲಿಯ ಅಂಚಿಗೆ ಕಿಟ್ಟ ಕಟ್ಟುವುದೂ ಹೀಗೆಯೇ. ಅವಳು ಹುಟ್ಟಿದಂದಿನಿಂದ ಅಪ್ಪ ನಳಿಗೆಯೊಳಗೆ ಕೀಲೆಣ್ಣೆ ಕಾಯಿಸುತ್ತ ಬಂದಿದ್ದ! ಗೀರುಗಳು ಸವೆದಿಲ್ಲ, ಹೂತುಹೋಗಿವೆ. ಬಂದೂಕು ಸತ್ತಿಲ್ಲ.

ಅವಳಿಗೆ ಕುಣಿಯಬೇಕೆನಿಸಿತು. ಮರುಕ್ಷಣವೇ ಆ ಆಸೆ ಇಳಿಯಿತು. ಇದನ್ನು ಅಪ್ಪನಿಗೆ ಹೇಳಬೇಕಲ್ಲ. ಸೆಲೆಕ್ಷನ್ನಿಗಿಂತ ಇದೇ ದೊಡ್ಡ ಗುರಿಯಾಗಿ ಕಂಡಿತು ಅವಳಿಗೆ.

ಊಟಕ್ಕೆ ಕೂತಾಗ ಹೇಳಿದಳು. ಸುತ್ತಿ ಬಳಸಿ ಹೇಳುವುದು ಅವಳಿಗೆ ಬರುತ್ತಿರಲಿಲ್ಲ. "ಅಪ್ಪ, ಮಸಿಯನ್ನ ಹಿಡ್ಕೊಂಡಿರೋದು ನಿನ್ನ ಎಣ್ಣೇನೇ ಕಣಪ್ಪ. ಮಸಿ ಮೇಲೆ ಎಣ್ಣೆ ಬಿದ್ದು ಬಿದ್ದು, ಬೆಂದು ಗಟ್ಟಿಯಾಗಿದೆ. ಇನ್ಮೇಲೆ ಅದಕ್ಕೆ ಹರಳೆಣ್ಣೆ ಹಾಕ್ಬೇಡ."

ಅಂಜಿನಯ್ಯ ಮುದ್ದೆ ಮುರಿಯುತ್ತಿದ್ದ ಕೈಯನ್ನು ನಿಲ್ಲಿಸಿದ. "ನಾನು ಕೆಡಿಸ್ದೆ ಅಂತೀಯಾ?"

"ಕೆಟ್ಟಿಲ್ಲಪ್ಪ. ಮುಚ್ಚೋಗಿದೆ ಅಷ್ಟೇ."

"ಇಪ್ಪತ್ತೈದು ವರ್ಷ ಒಂದು ಚುಕ್ಕೆ ತುಕ್ಕು ಹಿಡಿಯೋಕೆ ಬಿಟ್ಟಿಲ್ಲ ನಾನು."

"ಅದೂ ನಿಜಾನೇ."

ಅತಿಯಾದರೆ ಅಮೃತವೂ ವಿಷ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಪುಣ್ಯಕ್ಕೆ ಅದನ್ನು ಸಾರಿನ ಜೊತೆ ನುಂಗಿಕೊಂಡಳು. ಅಪ್ಪ ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ, ಕೈ ತೊಳೆದು ಜಗಲಿಗೆ ಹೋಗಿ ಕೂತ.

ಆದರೂ ಅವಳು ಬಿಡುವ ಪೈಕಿಯಲ್ಲ, ಹಿಂದೆಯೇ ಹೋದಳು. ಕ್ಲಿನಿಕ್ಕಿನಲ್ಲಿ ಕತ್ತರಿ ಚಿಮಟಗಳನ್ನು ಬೇಯಿಸುವಾಗ ನೀರಿಗೆ ಒಂದು ಚಮಚ ಬಟ್ಟೆ ಸೋಡಾ ಹಾಕುತ್ತಾರೆ. ಅಂಟಿದ ಜಿಡ್ಡೆಲ್ಲ ಸಾಬೂನಿನಂತೆ ಕರಗಿ ಬಿಟ್ಟುಕೊಳ್ಳುತ್ತದೆ, ಕಬ್ಬಿಣಕ್ಕೆ ತುಕ್ಕೂ ಹಿಡಿಯುವುದಿಲ್ಲ. ಇದನ್ನು ಅವಳು ದಿನಾ ಕಣ್ಣಾರೆ ನೋಡಿದ್ದಳು. "ಕುದಿಯೋ ಸೋಡಾ ನೀರನ್ನ ನಳಿಗೆಗೆ ಹೊಯ್ಯೋಣಪ್ಪ," ಎಂದಳು.

ಅಂಜಿನಯ್ಯ ಎದ್ದೇ ನಿಂತ. "ನೀರಾ? ಬಂದೂಕಿಗೆ ನೀರಾ? ತಲೆ ಕೆಟ್ಟಿದೆಯೇನೇ ನಿಂಗೆ? ಮಳೆಗಾಲದಲ್ಲಿ ಕಂಬಳಿ ಸುತ್ತಿ ಇಟ್ಟಿದೀನಿ ಅದನ್ನ. ಲೈಸೆನ್ಸ್ ನಂದು. ಒಂದು ತೊಟ್ಟು ನೀರು ಬೀಳಕೂಡ್ದು."

ತಂದೆಯೂ ಮಗಳೂ ಒಂದೇ ಹಟದವರು. ಆ ಮನೆಯಲ್ಲಿ ಅಂದು ಬಾಗಿಲುಗಳು ಸ್ವಲ್ಪ ಜೋರಾಗಿಯೇ ಮುಚ್ಚಿಕೊಂಡವು.

ಗುರುವಾರ ಬೆಳಿಗ್ಗೆ ಜಲಜಾ ಕ್ಲಿನಿಕ್ಕಿಗೆ ಹೊರಡುವಾಗ ಅಪ್ಪ ಅವಳೆದುರು ಏನನ್ನೋ ಹಿಡಿದ. ಕಡಾಣಿ. ಗಾಡಿಯ ಗಾಲಿ ಕಳಚದಂತೆ ಅಚ್ಚಿನ ತುದಿಗೆ ಸಿಕ್ಕಿಸುವ ಕಬ್ಬಿಣದ ಗೂಟ. ಗಾಡಿಗಳು ಹೋಗಿ ಎಷ್ಟೋ ಕಾಲವಾದರೂ ಆ ಕಡಾಣಿ ಗಿರಣಿಯ ಗೋಡೆಯಲ್ಲಿ ನೇತಾಡುತ್ತಿತ್ತು. ಅದರ ಮೈಗೆ ಹಳೇ ಕೀಲೆಣ್ಣೆ ಕಲ್ಲಿನಂತೆ ಅಂಟಿತ್ತು.

"ಮೊದ್ಲು ಇದನ್ನ ಬೇಯಿಸು," ಎಂದ. ಇಷ್ಟು ಹೇಳುವುದಕ್ಕೆ ಅವನು ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದು ಕಣ್ಣಿನಲ್ಲೇ ಕಾಣುತ್ತಿತ್ತು. ಮಗಳು ಡಾಕ್ಟರಿಗೆ ಒಂದು ಗಂಟೆ ತಡವಾಗಿ ಬರುವುದಾಗಿ ಪಕ್ಕದ ಮನೆಯವರ ಕೈಲಿ ಹೇಳಿಕಳಿಸಿದಳು.

ಬಚ್ಚಲ ಒಲೆಯ ಮೇಲೆ ಹಳೇ ಪಾತ್ರೆಯಲ್ಲಿ ನೀರು, ನೀರಿಗೆ ಸೋಡಾ, ಸೋಡಾದಲ್ಲಿ ಕಡಾಣಿ. ಕುದಿ ಬರುತ್ತಲೇ ನೀರು ಮೊದಲು ಕಂದು, ಆಮೇಲೆ ಕಾಫಿ ಕಷಾಯದ ಬಣ್ಣಕ್ಕೆ ತಿರುಗಿ ನೊರೆ ಎದ್ದಿತು. ಇಕ್ಕಳದಲ್ಲಿ ಎತ್ತಿ ತೆಂಗಿನ ನಾರಿನಿಂದ ಉಜ್ಜಿದಳು. ಕಿಟ್ಟ ಹಾಳೆಹಾಳೆಯಾಗಿ ಜಾರಿ ಬಿತ್ತು. ಒಳಗಿನಿಂದ ಕಬ್ಬಿಣದ ಬೂದುಬಣ್ಣ, ಕಮ್ಮಾರನ ಸುತ್ತಿಗೆಯ ಏಟಿನ ಗುರುತುಗಳ ಸಮೇತ, ಹೊರಗೆ ಬಂತು. ಆ ಗುರುತುಗಳನ್ನು ಅಂಜಿನಯ್ಯ ತನ್ನ ಜನ್ಮದಲ್ಲಿ ಅದೇ ಮೊದಲು ನೋಡಿದ್ದು.

ಆದರೆ ಅವನು ಗಿರಣಿಯವನು, ಸುಲಭಕ್ಕೆ ಸೋಲುವವನಲ್ಲ. ಬಿಸಿನೀರಿನಲ್ಲಿ ತೊಳೆದು ಒರೆಸಿದ ಕಡಾಣಿಯನ್ನು ಹಿತ್ತಲ ಗೋಡೆಯ ಮೇಲಿಟ್ಟು, "ನಾಳೆ ಬೆಳಿಗ್ಗೆ ತನಕ ಇರ್ಲಿ. ತುಕ್ಕು ಕಂಡ್ರೆ ಮಾತಿಲ್ಲ," ಎಂದ. ಜಲಜಾ ಆ ದಿನವೆಲ್ಲ ಕ್ಲಿನಿಕ್ಕಿನಲ್ಲಿ ಯಾರಿಗೆ ಯಾವ ಮಾತ್ರೆ ಕಟ್ಟಿಕೊಟ್ಟಳೋ, ಅವರು ಬದುಕಿಕೊಂಡದ್ದು ಅವರ ಪುಣ್ಯ.

ಶುಕ್ರವಾರ ಬೆಳಿಗ್ಗೆ ಅವಳು ಹಲ್ಲುಜ್ಜುತ್ತ ಹಿತ್ತಲಿಗೆ ಬಂದರೆ ಅಪ್ಪ ಆಗಲೇ ಅಲ್ಲಿದ್ದ. ಕಡಾಣಿಯನ್ನು ಹೆಬ್ಬೆರಳ ಉಗುರಿನಿಂದ ಕೆರೆದು ನೋಡಿದ, ಬೆಳಕಿಗೆ ಹಿಡಿದು ತಿರುಗಿಸಿದ, ಕಡೆಗೆ ನಾಲಿಗೆಗೂ ತಾಗಿಸಿ ನೋಡಿದ. ಒಂದು ಕೆಂಪು ಚುಕ್ಕೆಯೂ ಇರಲಿಲ್ಲ. ಅವನು ಒಳಗೆ ಹೋಗಿ, ಬಂದೂಕನ್ನೂ ತಿರುಪುಳಿಯನ್ನೂ ತಂದು ಚಾಪೆಯ ಮೇಲೆ ಕೂತು, ಮರದ ಹಿಡಿಯ ತಿರುಪು ಬಿಚ್ಚತೊಡಗಿದ. ಜಲಜಾಳ ಬಾಯಲ್ಲಿ ಹಲ್ಲುಪುಡಿ ಇಲ್ಲದಿದ್ದರೆ ಕೂಗಿಯೇ ಬಿಡುತ್ತಿದ್ದಳು.

ಅಂದು ಸಂಜೆ ಇನ್ನೂ ಬಿಸಿಲಿರುವಾಗಲೇ ಅವರ ಹಿತ್ತಲು ಆಸ್ಪತ್ರೆಯಾಯಿತು. ಮರವೆಲ್ಲ ಕಳಚಿ, ಕುದುರೆಯ ಯಂತ್ರ ಬಿಚ್ಚಿಟ್ಟು, ಬರೀ ನಳಿಗೆ ಉಳಿದಿತ್ತು. ಜಲಜಾ ಕ್ಲಿನಿಕ್ಕಿನಿಂದ ಕೇಳಿ ತಂದಿದ್ದ ರಬ್ಬರ್ ಕೊಳವೆಯನ್ನು ನಳಿಗೆಯ ಹಿಂಬದಿಗೆ ಬಿಗಿಯಾಗಿ ಸಿಕ್ಕಿಸಿದಳು, ಕೊಳವೆಯ ಇನ್ನೊಂದು ತುದಿಗೆ ಲಾಳಿಕೆ. ಗುಂಡು ಹೊರಬರುವ ಬಾಯಿಯ ಕಡೆ ಇಂಜೆಕ್ಷನ್ ಸೀಸೆಯ ರಬ್ಬರ್ ಬಿರಡೆ ಒತ್ತಿದಳು. ಅಂಜಿನಯ್ಯ ನಳಿಗೆಗೆ ಗೋಣಿತಾಟು ಸುತ್ತಿ ನೆಟ್ಟಗೆ ಹಿಡಿದ. "ಹುಷಾರು ಕಣಪ್ಪ, ಕೈ ಸುಟ್ಕೊಂಡೀಯಾ," ಎಂದು ಹೇಳಿ ಅವಳು ಕುದಿಯುವ ಸೋಡಾ ನೀರನ್ನು ಹೊಯ್ದಳು. ಅಪ್ಪ ಕಣ್ಣು ಮುಚ್ಚಿಕೊಂಡ. ಮಗುವಿಗೆ ಸೂಜಿ ಚುಚ್ಚಿಸುವಾಗ ತಂದೆಯರು ಹೀಗೆ ಮುಖ ತಿರುಗಿಸುವುದನ್ನು ಜಲಜಾ ಎಷ್ಟೋ ಸಲ ನೋಡಿದ್ದಳು.

ಸ್ವಲ್ಪ ಹೊತ್ತು ನೆನೆಯಲು ಬಿಟ್ಟು ಬಿರಡೆ ಎಳೆದರು. ಬಕೆಟ್ಟಿಗೆ ಬಿದ್ದ ನೀರು ನೀರಾಗಿರಲಿಲ್ಲ, ಕಾಡಿಗೆಯಾಗಿತ್ತು. ಮತ್ತೆ ಹೊಯ್ದರು, ನೆನೆಸಿದರು, ಬ್ರಷ್ಷು ಹಾಕಿ ಎಳೆದರು. ಮೊದಮೊದಲು ಬ್ರಷ್ಷು ಒಳಗೆ ಹೋಗಲು ತಕರಾರು ಮಾಡುತ್ತಿತ್ತು. ಆಮೇಲಾಮೇಲೆ ಏನನ್ನೋ ಹಿಡಿದುಕೊಂಡು ತಾನೇ ತಿರುಗತೊಡಗಿತು. ಜಲಜಾ ಸಲಾಕೆಯನ್ನು ತಳ್ಳುತ್ತಿದ್ದವಳು ಥಟ್ಟನೆ ನಿಂತಳು.

"ಅಪ್ಪ, ತಿರುಗ್ತಾ ಇದೆ!"

"ಏನು?"

"ಬ್ರಷ್ಷು! ಗೀರಿನ ಜಾಡು ಹಿಡ್ಕೊಂಡು ತಾನಾಗೇ ತಿರುಗ್ತಾ ಇದೆ ಕಣಪ್ಪ!"

ಈಗ ಅಪ್ಪನಿಗೂ ಆವೇಶ ಬಂತು. ಮಗಳ ಕೈಯಿಂದ ಸಲಾಕೆ ಕಿತ್ತುಕೊಂಡು ತಾನೇ ಎಳೆಯತೊಡಗಿದ. ಗಿರಣಿಯ ಕಲ್ಲು ಎತ್ತಿದ ರಟ್ಟೆಗಳವು. ಕಪ್ಪು ಹಾಳೆಗಳು ಚೂರುಚೂರಾಗಿ ಬಂದವು, ಕೆಲವು ಹೊರಳಿಕೊಂಡು ಇದ್ದಿಲ ಸಿಪ್ಪೆಯಂತಿದ್ದವು. ಒಲೆಗೆ ಸೌದೆ ಒಟ್ಟುವ ಕೆಲಸ ತನ್ನದೆಂದು ಅಜ್ಜಿ ಯಾರೂ ಕೇಳದೆಯೇ ವಹಿಸಿಕೊಂಡಿದ್ದಳು. "ಬರ್ಲಿ ಬರ್ಲಿ, ನಂ ಮಾವನ ಕಾಲದ್ದೂ ಬರ್ಲಿ," ಎಂದು ಹುರಿದುಂಬಿಸುತ್ತಿದ್ದಳು. ಬಕೆಟ್ಟಿನ ನೀರು ಕಾಡಿಗೆಯಿಂದ ಕಷಾಯಕ್ಕೆ, ಕಷಾಯದಿಂದ ತೆಳು ಚಹಾಕ್ಕೆ ಇಳಿಯಿತು. ಕೊನೆಗೆ ಬರೀ ಬಿಸಿನೀರು ಹೊಯ್ದಾಗ, ಹೊಯ್ದ ಹಾಗೆಯೇ ತಿಳಿಯಾಗಿ ಹೊರಬಂತು. ಕಾದ ನಳಿಗೆ ಕ್ಷಣದಲ್ಲಿ ಒಣಗಿತು. ಒಂದು ಬಿಳಿ ಚಿಂದಿ ಎಳೆದರು. ಬಿಳಿಯಾಗಿ ಹೋದದ್ದು ಬಿಳಿಯಾಗಿಯೇ ಬಂತು.

"ನೀನ್ ನೋಡು," ಎಂದ ಅಪ್ಪ.

"ನೀನ್ ನೋಡಪ್ಪ ಮೊದ್ಲು."

ಅಂಜಿನಯ್ಯ ನಳಿಗೆಯನ್ನು ಪಡುವಣದ ಆಕಾಶಕ್ಕೆ ಹಿಡಿದ. ನೋಡಿದ. ನೋಡುತ್ತಲೇ ಇದ್ದ. "ಆ ಡ್ರೈವರು ನಂಗೆ ಕೊಟ್ಟಾಗ ಹಿಂಗಿತ್ತು," ಎಂದ. ಆಮೇಲೆ, "ಮರ್ತೇ ಹೋಗಿತ್ತು ನಂಗೆ," ಎಂದ.

ಜಲಜಾ ಕಣ್ಣಿಟ್ಟಳು. ಬೆಳಕು ಒಳಗೆ ಸುರುಳಿ ಸುತ್ತಿಕೊಂಡು ಈ ತುದಿಯಿಂದ ಆ ತುದಿಯವರೆಗೆ ಹರಿದಿತ್ತು. ಒಂದೊಂದು ಗೀರಿನ ಅಂಚೂ ಈಗ ತಾನೇ ಕೊರೆದಷ್ಟು ಚೂಪು. ಅವಳಿಗೆ ಸಂತೋಷ ತಡೆಯಲಾಗಲಿಲ್ಲ. ಮಸಿಗೈಯಲ್ಲೇ ಅಜ್ಜಿಯನ್ನು ತಬ್ಬಿಕೊಂಡಳು. "ಥೂ, ಮುಂಡೇದೇ, ಮತ್ತೆ ನನ್ ಸೀರೆಗೇ ಬಂತಲ್ಲೇ," ಎಂದು ಅಜ್ಜಿ ಬೈದಳು. ಬೈಯುತ್ತಲೇ ತಾನೂ ಒಂದು ಕಣ್ಣು ಮುಚ್ಚಿ ನಳಿಗೆಯೊಳಗೆ ಇಣುಕಿದಳು. ಏನು ಕಂಡಿತೋ, "ಚೆಂದಾಗದೆ," ಎಂದಳು. ಪಕ್ಕದ ಮನೆಯಿಂದ ಹೊಲಿಗೆ ಮಿಷನ್ನಿನ ತೆಳು ಎಣ್ಣೆ ಕೇಳಿ ತಂದು ಒಂದೇ ಒಂದು ಹನಿ ಸವರಿದರು.

ಭಾನುವಾರ ಕ್ವಾರಿಯಲ್ಲಿ ಜಾತ್ರೆಯಷ್ಟು ಜನವಿಲ್ಲದಿದ್ದರೂ ಒಂದು ಮದುವೆಯಷ್ಟು ಜನವಿದ್ದರು. ಮಹಿಳೆಯರ ಸರದಿಯಲ್ಲಿ ಜಲಜಾ ತನ್ನದೇ ಬಂದೂಕು ಹಿಡಿದು ಬಂದದ್ದನ್ನು ಕಂಡು ವೆಂಕಟಗಿರಿಯವರು ಹುಬ್ಬೇರಿಸಿದರು. "ಕ್ಲಬ್ಬಿಂದು ಎತ್ತಿಟ್ಟಿದೀನಲ್ಲಮ್ಮ. ಹಟ ಮಾಡ್ಬೇಡ. ಆಮೇಲೆ ಬದಲಾಯಿಸೋ ಹಾಗಿಲ್ಲ, ಗೊತ್ತಲ್ಲ?"

"ಗೊತ್ತು ಸಾರ್. ಇದೇ ಇರ್ಲಿ."

ಮೊದಲಿಗೆ ಲೆಕ್ಕಕ್ಕಿಲ್ಲದ ಗುಂಡುಗಳು. ಗುರಿ ಸರಿ ಮಾಡಿಕೊಳ್ಳಲು ಕೊಡುವಂಥವು. ಜಲಜಾ ಚಾಪೆಯ ಮೇಲೆ ಬೋರಲು ಮಲಗಿ, ಮೊಣಕೈ ಊರಿ, ಉಸಿರು ಅರ್ಧಕ್ಕೆ ನಿಲ್ಲಿಸಿ ಹೊಡೆದಳು. ಇನ್ನೊಂದು ಹೊಡೆದಳು. ಮತ್ತೊಂದು. ಪಕ್ಕದಲ್ಲಿ ದುರ್ಬೀನಿಗೆ ಕಣ್ಣಿಟ್ಟಿದ್ದ ವೆಂಕಟಗಿರಿಯವರು ಲೊಚಗುಟ್ಟಿದರು. "ಹೇಳಿದ್ನಲ್ಲಮ್ಮ. ಕಪ್ಪಿನ ಹತ್ರಾನೂ ಇಲ್ಲ. ಕೆಳಗೆ ಎಡಕ್ಕೆ, ಎಲ್ಲೋ ಮೂಲೇಲಿದೆ."

ಹಿಂದಿನಿಂದ ಅದೇ ಗೊಣಗುವ ದನಿ, "ನೆಲ ಇನ್ನೂ ಡೊಂಕೇ ಇದೆ ಗುರು," ಎಂದಿತು. ಯಾರೋ ಕಿಸಕ್ಕೆಂದರು.

ಹಾಗಾದರೆ ಇಷ್ಟೆಲ್ಲ ಮಾಡಿದ್ದು ದಂಡವೇ? "ಸಾರ್, ಎಷ್ಟು ತೂತಿದೆ?" ಎಂದು ಜಲಜಾ ಕೇಳಿದಳು.

"ಒಂದೇ ಕಾಣ್ತಿದೆ. ಮಿಕ್ಕಿದ್ದು ಕಾರ್ಡಿಗೇ ಬಿದ್ದಿಲ್ಲ ಅನ್ಸುತ್ತೆ." ಅವರು ದುರ್ಬೀನಿನ ತಿರುಪು ಸರಿಮಾಡಿದರು. ಮತ್ತೆ ಸರಿಮಾಡಿದರು. "ತಾಳು ತಾಳು. ಈ ತೂತು ಸ್ವಲ್ಪ ದೊಡ್ಡದಿದೆಯಲ್ಲ... ಬಿಲ್ವಪತ್ರೆ ತರ ಮೂರೆಲೆ ಇದ್ದ ಹಾಗಿದೆ."

ಮೂರು ಗುಂಡೂ ಒಂದೇ ತೂತಿನಲ್ಲಿ ಹೋಗಿದ್ದವು!

ಜಲಜಾ ಮಲಗಿದ್ದಲ್ಲೇ ನಕ್ಕಳು. ಗುರಿ ನೋಡುವ ಕಿಂಡಿಯನ್ನು ಅವಳು ಕೂರಿಸಿಕೊಂಡದ್ದು ಕಿಟ್ಟ ತುಂಬಿದ ನಳಿಗೆಗೆ. ಈಗ ನಳಿಗೆ ಬೇರೆ, ಅದರ ದಾರಿ ಬೇರೆ. ಒಂದೊಂದು ಸಲ ಒಂದೊಂದು ಮಾತಾಡುವವರನ್ನು ತಿದ್ದಲು ಬ್ರಹ್ಮನಿಂದಲೂ ಆಗುವುದಿಲ್ಲ. ತಪ್ಪನ್ನೇ ಆದರೂ ಮೂರು ಸಲ ಒಂದೇ ತೆರನಾಗಿ ಹೇಳುವವರನ್ನು ತಿದ್ದುವುದು ಎಷ್ಟರ ಕೆಲಸ? ಅವಳು ಹಿಂಬದಿಯ ಕಿಂಡಿಯ ತಿರುಪನ್ನು ಮೇಲಕ್ಕೆ ಟಕ್ ಟಕ್ ಎಂದು ತಿರುಗಿಸಿದಳು, ಬಲಕ್ಕೆ ಟಕ್ ಟಕ್ ಎಂದು ತಿರುಗಿಸಿದಳು, ಇನ್ನೊಂದು ಹೊಡೆದಳು.

ವೆಂಕಟಗಿರಿಯವರು ದುರ್ಬೀನಿನಿಂದ ಕಣ್ಣು ತೆಗೆಯದೆ, "ನಡುವಿಗೆ," ಎಂದರು.

"ಸಾರ್, ಲೆಕ್ಕದ ಕಾರ್ಡು ಹಾಕ್ಸಿ."

ಆಮೇಲೆ ನಡೆದದ್ದನ್ನು ಆ ಕ್ಲಬ್ಬಿನವರು ಬಹಳ ಕಾಲ ಹೇಳಿಕೊಂಡು ತಿರುಗಿದರು, ಹೇಳುವಾಗ ತಮಗೆ ತೋಚಿದಷ್ಟು ಉಪ್ಪು ಖಾರ ಹಚ್ಚಿದರು. ಹಚ್ಚುವ ಅಗತ್ಯವೇ ಇರಲಿಲ್ಲ. ಅವಳು ಅವಸರ ಮಾಡಲಿಲ್ಲ. ತೋಟಾ ಹಾಕುವಳು, ಕೆನ್ನೆ ಇಡುವಳು, ಉಸಿರು ಬಿಡುವಳು, ಹೊಡೆಯುವಳು. ಗುಂಡು ಅವಳು ಕಳಿಸಿದಲ್ಲಿಗೆ ಹೋಗುತ್ತಿತ್ತು, ಅಷ್ಟೇ. ಕಳಿಸಿದಲ್ಲಿಗೆ ಹೋಗುವುದೆಂದರೆ ಎಷ್ಟು ಸುಖ ಎಂಬುದು ಇಷ್ಟು ವರ್ಷ ಅವಳಿಗೆ ಗೊತ್ತೇ ಇರಲಿಲ್ಲ. ಗಾಳಿ ಎದ್ದಾಗ ಕಾದಳು, ಇಳಿದಾಗ ಹೊಡೆದಳು. ಒಂದೇ ಒಂದು ಗುಂಡು ಗೆರೆಯ ಮೇಲೆ ಕೂತು ಒಂದು ಅಂಕ ತಿಂದಿತು. ಅದು ತನ್ನದೇ ತಪ್ಪೆಂದು, ಬಂದೂಕಿನದಲ್ಲವೆಂದು ಅವಳಿಗೆ ಹೊಡೆದ ಗಳಿಗೆಯಲ್ಲೇ ಗೊತ್ತಾಯಿತು. ಆ ತಪ್ಪು ಕೂಡ ಅವಳಿಗೆ ಹೆಮ್ಮೆಯದಾಗಿ ಕಂಡಿತು.

ಕಾರ್ಡುಗಳನ್ನು ತಂದು ಮೇಜಿನ ಮೇಲೆ ಹರಡಿದಾಗ ಜನ ಮುತ್ತಿದರು. ಗೊಣಗುವ ದನಿಯವನು ಕಾರ್ಡನ್ನು ಹತ್ತಿರ ತಂದು, ದೂರ ಹಿಡಿದು, ಕೊನೆಗೆ ಕೆಳಗಿಟ್ಟ. ಮಹಿಳೆಯರಲ್ಲಿ ಅವಳ ಹತ್ತಿರಕ್ಕೂ ಯಾರೂ ಬಂದಿರಲಿಲ್ಲ. ಗಂಡಸರಲ್ಲಿ ಇಬ್ಬರು ಮಾತ್ರ ಅವಳಿಗಿಂತ ಮುಂದಿದ್ದರು.

ವೆಂಕಟಗಿರಿಯವರು ಬಂದೂಕನ್ನು ಕೇಳಿ ತೆಗೆದುಕೊಂಡು ಮತ್ತೆ ಆಕಾಶಕ್ಕೆ ಹಿಡಿದರು. ಈ ಸಲ ಇನ್ನೂ ಹೆಚ್ಚು ಹೊತ್ತು ನೋಡಿದರು. "ನಾನು ತಪ್ಪು ಹೇಳಿದ್ದೆ ಕಣಮ್ಮಾ," ಎಂದರು. ದೊಡ್ಡ ಮನುಷ್ಯರು, ಎಲ್ಲರೆದುರಿಗೇ ಹೇಳಿದರು. "ಏನ್ ಹಾಕಿ ತೊಳೆದ್ರಿ ಇದನ್ನ?"

"ಬಟ್ಟೆ ಸೋಡಾ ಸಾರ್. ಕುದಿಯೋ ನೀರಲ್ಲಿ."

"ನೀರಲ್ಲಿ!" ವೆಂಕಟಗಿರಿಯವರು ಒಮ್ಮೆ ಬಂದೂಕನ್ನೂ ಒಮ್ಮೆ ಅವಳನ್ನೂ ನೋಡಿದರು. ಆಮೇಲೆ ಹುಣಸೆಮರದ ಕಡೆ ಕೈ ಬೀಸಿ ಅಂಜಿನಯ್ಯನನ್ನು ಕರೆದರು. ಅವನು ಕ್ಯಾನ್ವಾಸ್ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು, ಇಷ್ಟು ಜನರ ನಡುವೆ ಬರಲು ಸಂಕೋಚಪಡುತ್ತ ಬಂದ. ಸೆಲೆಕ್ಷನ್ ಆಗಿದೆ ಎಂದು ಅವನಿಗೆ ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಅವನ ಮುಖ ಆಗಲೇ ದೀಪ ಹಚ್ಚಿದಂತಾಗಿತ್ತು.

"ಅಂಜಿನಯ್ಯನೋರೇ, ನಿಮ್ ಮಗಳು ಸ್ಟೇಟ್ ಟೀಮಲ್ಲಿ ಇದಾಳೆ. ನ್ಯಾಷನಲ್ಸ್ ಅಹಮದಾಬಾದಲ್ಲಿ. ಟೀಮಿನ ಜೊತೆ ನಿಮ್ ಬಂದೂಕೂ ಹೋಗ್ಬೇಕಾಗತ್ತೆ. ಕಾಗದಪತ್ರ ಎಲ್ಲಾ ನಾನ್ ಮಾಡಿಸ್ತೀನಿ. ನಿಮ್ ಬಂದೂಕು ಅಷ್ಟು ದೂರ ಕಳಿಸೋಕೆ ನಿಮ್ಗೆ ಒಪ್ಪಿಗೆ ತಾನೆ?"

ಅಂಜಿನಯ್ಯ ಮೇಜಿನ ಮೇಲಿದ್ದ ಕಾರ್ಡನ್ನು ನೋಡಿದ. ಅದರ ನಡುವೆ ಒಂದು ರಾಗಿ ಕಾಳು ಹಿಡಿಸುವಷ್ಟು ಕಪ್ಪೂ ಉಳಿದಿರಲಿಲ್ಲ. ಎಲ್ಲ ಹರಿದು ಒಂದೇ ಕಂಡಿಯಾಗಿತ್ತು. ಅವನು ಚೀಲವನ್ನು ಬಿಡಿಸಿ, ತನ್ನ ಹೆಗಲಿಗಲ್ಲ, ಮಗಳ ಕೈಗೆ ಕೊಟ್ಟ.

"ನನ್ನ ಯಾಕ್ ಸ್ವಾಮಿ ಕೇಳ್ತೀರಿ?" ಎಂದ. ಗಿರಣಿಯ ಸದ್ದಿನ ಮೇಲೂ ಕೇಳುವಷ್ಟು ಗಟ್ಟಿಯಾಗಿ ಎಂದ. "ಲೈಸೆನ್ಸ್ ನಂದು. ಬಂದೂಕು ಅವಳದ್ದು."